ಕುಂಡದ ಗಿಡ ಸೊರಗಿದಾಗ: ಮಣ್ಣಿನ ಮಿಶ್ರಣ, ಕಾಂಪೋಸ್ಟ್, ಎಲೆರಸದ ರಸಸಾರ – ದೋಷ ಹುಡುಕುವ ಕ್ರಮ

ಗಿಡ ಹಳದಿಯಾದ ಕೂಡಲೇ ಕೈ ಹೋಗುವುದು ಗೊಬ್ಬರದ ಡಬ್ಬಿಗೆ. ಕುಂಡದ ಗಿಡಗಳ ಮಟ್ಟಿಗೆ ಇದು ಬಹಳ ಸಲ ತಪ್ಪು ಹೆಜ್ಜೆ. ಮಣ್ಣಿನಲ್ಲಿ ಪೋಷಕಾಂಶ ಇಲ್ಲದಿರುವುದು ಒಂದು ಕಾರಣ ಮಾತ್ರ. ಇದ್ದೂ ಬೇರಿಗೆ ದಕ್ಕದಿರುವುದು ಇನ್ನೊಂದು, ಕುಂಡದಲ್ಲಿ ಹೆಚ್ಚಾಗಿ ಎದುರಾಗುವುದು ಅದೇ. ಬೇರಿಗೆ ಗಾಳಿ ಇಲ್ಲದಿರಬಹುದು, ಲವಣ ಏರಿರಬಹುದು, ರಸಸಾರ, ಅಂದರೆ ಪಿಎಚ್, ಹದ ತಪ್ಪಿರಬಹುದು, ಹಾಕಿದ ಕಾಂಪೋಸ್ಟ್ ಇನ್ನೂ ಕಳಿಯದೆ ಇರಬಹುದು. ನಾಲ್ಕರಲ್ಲೂ ಎಲೆ ಹೆಚ್ಚುಕಡಿಮೆ ಒಂದೇ ತರಹ ಕೆಡುತ್ತದೆ, ಮದ್ದು ಮಾತ್ರ ಬೇರೆ ಬೇರೆ. ಒಂದಕ್ಕೆ ಮಾಡುವ ಮದ್ದು ಇನ್ನೊಂದನ್ನು ಉಲ್ಬಣಿಸುವುದೂ ಉಂಟು: ಲವಣ ಏರಿದ ಕುಂಡಕ್ಕೆ ಮತ್ತೆ ಗೊಬ್ಬರ ಸುರಿದರೆ ಬೇರು ಸುಡುತ್ತದೆ, ಕೊಳೆಯುತ್ತಿರುವ ಬೇರಿಗೆ ನೀರು ಕೊಟ್ಟರೆ ಕೊಳೆ ಹೆಚ್ಚುತ್ತದೆ.

ಆದ್ದರಿಂದ ಇಲ್ಲಿ ಕ್ರಮವೇ ಮುಖ್ಯ. ಮೊದಲು ಎಲೆ, ಆಮೇಲೆ ಬೇರು, ನಂತರ ಲವಣ ಮತ್ತು ರಸಸಾರ, ಜೊತೆಗೆ ಕಾಂಪೋಸ್ಟಿನ ಪರೀಕ್ಷೆ, ಎಲ್ಲಕ್ಕಿಂತ ಕೊನೆಗೆ ಎಲೆರಸ. ಅಳೆಯುವ ತನಕ ಏನನ್ನೂ ಹಾಕಬೇಡಿ.

ಯಾವ ಎಲೆ ಮೊದಲು ಕೆಟ್ಟಿತು?

ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಶಿಯಂ – ಇವು ಕಡಿಮೆ ಬಿದ್ದಾಗ ಗಿಡ ಹಳೆ ಎಲೆಯಿಂದ ಹಿಂದಕ್ಕೆ ಎಳೆದುಕೊಂಡು ಚಿಗುರಿಗೆ ಕಳಿಸುತ್ತದೆ. ಹಾಗಾಗಿ ಬುಡದ ಎಲೆಗಳು ಮೊದಲು ಕೆಡುತ್ತವೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್, ಮ್ಯಾಂಗನೀಸ್, ಸತು ಒಮ್ಮೆ ಎಲೆ ಸೇರಿದರೆ ಅಲ್ಲಿಂದ ಸುಲಭವಾಗಿ ಕದಲುವುದಿಲ್ಲ. ಇವುಗಳ ಕೊರತೆ ಚಿಗುರಿನಲ್ಲಿ ಕಾಣುತ್ತದೆ.

ಬುಡದ ಎಲೆ ಇಡಿಯಾಗಿ ಮಾಸಲು ಹಳದಿಯಾದರೆ ಸಾರಜನಕ. ಬುಡದ ಎಲೆಯಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಮೆಗ್ನೀಶಿಯಂ. ಬುಡದ ಎಲೆಯ ಅಂಚು ಸುಟ್ಟಂತೆ ಕಂದಾದರೆ ಪೊಟ್ಯಾಷ್ ಕೊರತೆ ಇಲ್ಲವೇ ಲವಣದ ಹೊಡೆತ. ಇವೆರಡನ್ನು ಕಣ್ಣಿನಿಂದ ಬೇರ್ಪಡಿಸುವುದು ಕಷ್ಟ, ಅಳತೆಯೇ ಬೇಕು. ಚಿಗುರೆಲೆಯಲ್ಲಿ ಸಣ್ಣ ನರದವರೆಗೂ ಹಸಿರು ಬಲೆಯಂತೆ ಉಳಿದು ಉಳಿದದ್ದೆಲ್ಲ ತಿಳಿಹಳದಿಯಾದರೆ ಕಬ್ಬಿಣ. ಚಿಗುರೆಲೆ ಚಿಕ್ಕದಾಗಿ, ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಗೊಂಚಲಿನಂತಾದರೆ ಸತು. ಚಿಗುರೆಲೆಯ ತುದಿ ಸುಟ್ಟು ಮುರುಟಿದರೆ ಕ್ಯಾಲ್ಸಿಯಂ. ಇದು ಬಹಳಷ್ಟು ಸಲ ಮಣ್ಣಿನ ಕೊರತೆಯಲ್ಲ, ನೀರು ಕೊಡುವುದರಲ್ಲಿನ ಏರುಪೇರು. ಕ್ಯಾಲ್ಸಿಯಂ ನೀರಿನ ಹರಿವಿನ ಜೊತೆಗೇ ಮೇಲೇರುವುದರಿಂದ ಮಣ್ಣು ಒಂದು ದಿನ ಒಣಗಿ ಮರುದಿನ ತೊಯ್ದರೆ ಚಿಗುರಿಗೂ ಕಾಯಿಗೂ ಅದು ತಲುಪುವುದಿಲ್ಲ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುವುದಕ್ಕೂ ಇದೇ ಮೂಲ.

ಗಿಡದ ಎಲ್ಲ ಎಲೆಯೂ ಒಟ್ಟಿಗೆ ಬಾಡಿ, ಮಣ್ಣು ಮಾತ್ರ ಒದ್ದೆಯಾಗಿದ್ದರೆ ಎಲೆಯನ್ನು ಬಿಟ್ಟು ನೇರ ಬೇರಿಗೆ ಹೋಗಿ.

ಬೇರು ನೋಡಿ

ಕುಂಡವನ್ನು ಓರೆ ಮಾಡಿ, ಗಿಡದ ಬುಡವನ್ನು ಬೆರಳುಗಳ ನಡುವೆ ಹಿಡಿದು ಮಣ್ಣಿನ ಗಡ್ಡೆ ಒಡೆಯದಂತೆ ಹೊರತೆಗೆಯಿರಿ. ಆರೋಗ್ಯದ ಬೇರು ಬಿಳಿ ಅಥವಾ ತಿಳಿಕಂದು ಬಣ್ಣದ್ದು, ಎಳೆದರೆ ತಡೆಯುತ್ತದೆ. ಕೊಳೆತ ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಾರಿಸಿ: ಹೊರಗಿನ ಸಿಪ್ಪೆ ಒದ್ದೆ ಕೊಳವೆಯಂತೆ ಕೈಗೆ ಬಂದು ಒಳಗಿನ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ. ಈ ಒಂದು ಪರೀಕ್ಷೆ ಬಣ್ಣ ನೋಡುವುದಕ್ಕಿಂತ ಖಚಿತ, ಏಕೆಂದರೆ ಕೆಲವು ಮಿಶ್ರಣಗಳು ಆರೋಗ್ಯದ ಬೇರಿಗೂ ಕಂದು ಬಣ್ಣ ಹತ್ತಿಸುತ್ತವೆ.

ಹಾಳಾಗಿರುವುದು ಎಲ್ಲಿ ಎಂಬುದನ್ನೂ ಗಮನಿಸಿ. ತಳದ ಮೂರನೇ ಒಂದು ಭಾಗದಲ್ಲಿ ಮಾತ್ರ ಕೊಳೆತಿದ್ದರೆ ಮಿಶ್ರಣ ಅತಿ ನುಣುಪು. ಬೇರುಗಳೆಲ್ಲ ಕುಂಡದ ಗೋಡೆಗೆ ಅಂಟಿ, ಗಡ್ಡೆಯ ನಡುಭಾಗ ಒಣಗಿ ಪುಡಿಯಾಗಿದ್ದರೆ ನೀರು ಒಳಕ್ಕೆ ಇಳಿಯದೆ ಪಕ್ಕದಿಂದ ಜಾರಿ ಹೋಗುತ್ತಿದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಪೀಟ್ ಪಾಚಿ (ಜೌಗುನೆಲದಲ್ಲಿ ಅರೆಕಳಿತ ಪಾಚಿ) ಪೂರ್ತಿ ಒಣಗಿದರೆ ನೀರನ್ನೇ ತಳ್ಳುತ್ತವೆ, ಪೀಟ್ ಪಾಚಿಯಂತೂ ಇನ್ನೂ ಹೆಚ್ಚು; ಮೇಲಿಂದ ಎಷ್ಟು ಸುರಿದರೂ ತಳದಿಂದ ಹರಿದುಬಿಡುತ್ತದೆ, ನೋಡಿದವರಿಗೆ ಬಸಿಯುವಿಕೆ ಚೆನ್ನಾಗಿದೆ ಎನ್ನಿಸುತ್ತದೆ. ಇಂಥ ಕುಂಡವನ್ನು ಅರ್ಧ ಎತ್ತರದವರೆಗೆ ನೀರು ತುಂಬಿದ ಪಾತ್ರೆಯಲ್ಲಿ ಅರ್ಧ ಗಂಟೆ ಇಟ್ಟು ಕೆಳಗಿನಿಂದ ಹೀರಿಸಿ, ಆಮೇಲೆ ಪೂರ್ತಿ ಬಸಿಯಲು ಬಿಡಿ.

ಕುಂಡದ ತಳದಲ್ಲಿ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಬಿಡುವುದೇ ಒಳ್ಳೆಯದು. ನುಣುಪಾದ ಮಣ್ಣು ತನ್ನ ಸಣ್ಣ ರಂಧ್ರಗಳಲ್ಲಿ ನೀರನ್ನು ಹಿಡಿದಿಡುತ್ತದೆ. ಅದರ ಕೆಳಗೆ ದೊಡ್ಡ ರಂಧ್ರಗಳ ಜಲ್ಲಿ ಬಂದಾಗ ಮೇಲಿನ ಮಣ್ಣು ತೊಯ್ದು ತುಂಬುವ ತನಕ ನೀರು ಕೆಳಗಿಳಿಯುವುದಿಲ್ಲ. ಪ್ರತಿ ಕುಂಡದ ತಳದಲ್ಲೂ ಹೀಗೆ ನಿಂತ ನೀರಿನ ಪದರ ಒಂದು ಇದ್ದೇ ಇರುತ್ತದೆ. ಅದರ ಎತ್ತರ ಮಿಶ್ರಣದ ಕಣದ ಗಾತ್ರವನ್ನು ಅವಲಂಬಿಸಿದೆ, ಕುಂಡದ ಎತ್ತರವನ್ನಲ್ಲ. ಜಲ್ಲಿ ಹಾಕಿದರೆ ಆ ಪದರ ಅಷ್ಟೇ ಎತ್ತರಕ್ಕೆ ಸರಿದು ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ಗಿಡ್ಡ ಕುಂಡದಲ್ಲಿ ಬೇರು ಬೇಗ ಕೊಳೆಯುವುದು ಇದರಿಂದಲೇ: ಪದರ ಅಷ್ಟೇ ಇದ್ದರೂ ಕುಂಡದ ಬಹುಪಾಲನ್ನು ಅದೇ ತಿಂದುಬಿಡುತ್ತದೆ.

ಮಿಶ್ರಣದಲ್ಲಿ ಗಾಳಿ ಎಷ್ಟಿದೆ ಎಂದು ಊಹಿಸಬೇಕಿಲ್ಲ, ಅಳೆಯಬಹುದು. ತಳದಲ್ಲಿ ತೂತಿರುವ, 1 ಲೀಟರ್ ಹಿಡಿಯುವ ಕುಂಡ ತೆಗೆದುಕೊಂಡು ತೂತುಗಳನ್ನು ಟೇಪಿನಿಂದ ಮುಚ್ಚಿ. ತುಸು ಒದ್ದೆಯಿರುವ ಮಿಶ್ರಣವನ್ನು ತುಂಬಿ, ನೆಲಕ್ಕೆ ಎರಡು ಮೂರು ಸಲ ಕುಟ್ಟಿ ಕೂರಿಸಿ. ನೀರನ್ನು ಅಂಚಿನಿಂದ ನಿಧಾನವಾಗಿ, ಮೇಲ್ಮೈ ಮಿನುಗುವವರೆಗೆ ಸುರಿಯಿರಿ. ಒಂದು ಗಂಟೆ ಬಿಟ್ಟು, ನೀರು ಇಳಿದಿದ್ದರೆ ಮತ್ತೆ ತುಂಬಿ. ಈಗ ಕುಂಡವನ್ನು ತಟ್ಟೆಯ ಮೇಲೆ ಎತ್ತಿ ಹಿಡಿದು ಟೇಪ್ ಕಿತ್ತು, ಬಸಿದ ನೀರನ್ನೆಲ್ಲ ಅಳೆಯಿರಿ. 1 ಲೀಟರಿನಲ್ಲಿ 150 ಮಿ.ಲೀ. ಬಸಿದರೆ ಗಾಳಿಯ ಪಾಲು 15 ಶೇಕಡಾ. 10ಕ್ಕಿಂತ ಕೆಳಗಿದ್ದರೆ ಹೆಚ್ಚಿನ ಗಿಡಗಳ ಬೇರು ಉಸಿರುಗಟ್ಟುತ್ತದೆ. 10ರಿಂದ 20 ಸಾಮಾನ್ಯ ಗಿಡಗಳಿಗೆ ಸಾಕು. 25 ದಾಟಿದರೆ ದಿನಕ್ಕೆರಡು ಸಲ ನೀರು ಬೇಡುವ ಮಿಶ್ರಣವದು, ಆರ್ಕಿಡ್‌ನಂಥವಕ್ಕೆ ಸರಿ.

ಗಾಳಿ ಕಡಿಮೆ ಬಂದರೆ ಮರಳು ಸುರಿಯಬೇಡಿ. ಅರ್ಧ ಮಿಲಿಮೀಟರಿಗಿಂತ ನುಣುಪಾದ ಮರಳು ಇರುವ ರಂಧ್ರಗಳನ್ನೂ ಮುಚ್ಚುತ್ತದೆ. ಬೇಕಾದುದು 3ರಿಂದ 6 ಮಿ.ಮೀ. ಗಾತ್ರದ ಪರ್ಲೈಟ್, ಪ್ಯೂಮಿಸ್ (ಎರಡೂ ತೂತುತೂತಾದ ಹಗುರ ಕಲ್ಲಿನ ಚೂರು) ಅಥವಾ ಕಳಿತ ಮರದ ತೊಗಟೆಯ ಚೂರು. ಜರಡಿ ಹಿಡಿದು ಧೂಳನ್ನು ಬೇರ್ಪಡಿಸಿಯೇ ಹಾಕಿ. ಗಾತ್ರದ ಲೆಕ್ಕದಲ್ಲಿ ಕೋಕೋಪೀಟ್ 4 ಪಾಲು, ಪರ್ಲೈಟ್ ಅಥವಾ ಪ್ಯೂಮಿಸ್ 3 ಪಾಲು, ಚೆನ್ನಾಗಿ ಕಳಿತ ಕಾಂಪೋಸ್ಟ್ 2 ಪಾಲು, ತೋಟದ ಮಣ್ಣು ಹೆಚ್ಚೆಂದರೆ 1 ಪಾಲು – ಇದು ಬಹಳ ಗಿಡಗಳಿಗೆ ಹೊಂದುವ ಆರಂಭ. ಕಾಂಪೋಸ್ಟ್ ನಾಲ್ಕನೇ ಒಂದು ಪಾಲು ದಾಟದಿರಲಿ. ಕುಂಡದೊಳಗೂ ಅದು ಕಳಿಯುತ್ತಲೇ ಇರುತ್ತದೆ. ಕಳಿದಂತೆ ಮಿಶ್ರಣ ಕುಸಿದು ಮೊದಲ ವರ್ಷ ಇದ್ದ ಗಾಳಿ ಎರಡನೇ ವರ್ಷ ಇರುವುದಿಲ್ಲ. ಚೆನ್ನಾಗಿದ್ದ ಗಿಡ ಯಾವ ಬದಲಾವಣೆಯೂ ಇಲ್ಲದೆ ಎರಡನೇ ವರ್ಷ ಸೊರಗಿದರೆ ಮೊದಲು ಶಂಕಿಸಬೇಕಾದುದು ಈ ಕುಸಿತವನ್ನೇ.

ಕೋಕೋಪೀಟ್ ಬಗ್ಗೆ ಒಂದು ಮಾತು. ತೆಂಗಿನ ನಾರಿನ ಪುಡಿಯಲ್ಲಿ ಸಹಜವಾಗಿಯೇ ಸೋಡಿಯಂ, ಪೊಟ್ಯಾಸಿಯಂ ಹೆಚ್ಚು. ಬರೇ ನೀರಲ್ಲಿ ತೊಳೆದರೆ ಕರಗಿದ ಉಪ್ಪು ಹೋಗುತ್ತದೆ, ಆದರೆ ಕಣಗಳಿಗೆ ಅಂಟಿಕೊಂಡದ್ದು ಉಳಿಯುತ್ತದೆ. ಆಮೇಲೆ ನೀವು ಕೊಡುವ ಕ್ಯಾಲ್ಸಿಯಂ, ಮೆಗ್ನೀಶಿಯಂ ಅನ್ನು ಕಣ ಹಿಡಿದುಕೊಂಡು ಸೋಡಿಯಂ, ಪೊಟ್ಯಾಸಿಯಂ ಅನ್ನು ಬೇರಿಗೆ ಬಿಡುತ್ತದೆ. ಹೊಸ ಮಿಶ್ರಣದಲ್ಲಿ ನೆಟ್ಟ ಎರಡು ಮೂರು ವಾರದಲ್ಲಿ ಚಿಗುರು ಮುರುಟುವುದಕ್ಕೆ ಇದು ಕಾರಣವಾಗಬಲ್ಲದು. ಲೀಟರ್ ನೀರಿಗೆ 5ರಿಂದ 10 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ, ಪುಡಿಯನ್ನು ಒಂದು ರಾತ್ರಿ ನೆನೆಸಿ, ಬಸಿದು, ಬರೇ ನೀರಲ್ಲಿ ಎರಡು ಸಲ ತೊಳೆದು ಬಳಸಿ.

ಬಸಿದ ನೀರಿನ ಪರೀಕ್ಷೆ

ಬೇರು ಸರಿಯಿದೆ ಎಂದಾದರೆ ಲವಣ ಮತ್ತು ರಸಸಾರವನ್ನು ಒಂದೇ ಸಲ ಅಳೆಯಿರಿ. ಮಣ್ಣಿಗೆ ನೇರ ಚುಚ್ಚುವ, ಬ್ಯಾಟರಿ ಇಲ್ಲದ ಎರಡು ಲೋಹದ ಕಡ್ಡಿಯ ಮಾಪಕವನ್ನು ರಸಸಾರಕ್ಕೆ ನಂಬಬೇಡಿ. ಮಣ್ಣಿನ ತೇವ, ಲವಣ ಬದಲಾದರೆ ಅದರ ಮುಳ್ಳೂ ಬದಲಾಗುತ್ತದೆ. ಗಾಜಿನ ತುದಿಯ ರಸಸಾರ ಮಾಪಕ, ಪ್ರತ್ಯೇಕ ಇಸಿ ಮಾಪಕ ಇರಲಿ. ಇಸಿ ಎಂದರೆ ನೀರಿನ ವಿದ್ಯುತ್ ವಾಹಕತೆ; ಕರಗಿದ ಲವಣ ಹೆಚ್ಚಿದಷ್ಟೂ ಅದು ಏರುತ್ತದೆ. ರಸಸಾರ ಮಾಪಕವನ್ನು ಪ್ರತಿ ಬಳಕೆಯ ದಿನ 7.00 ಮತ್ತು 4.01ರ ದ್ರಾವಣದಲ್ಲಿ ಸರಿಹೊಂದಿಸಿ.

ಕ್ರಮ ಹೀಗೆ. ಎಂದಿನಂತೆ ನೀರು ಕೊಟ್ಟು ಒಂದು ಗಂಟೆ ಬಿಡಿ, ಬೇರಿನ ಸುತ್ತಲ ನೀರು ಮಿಶ್ರಣದೊಡನೆ ಸಮತೋಲಕ್ಕೆ ಬರಲಿ. ಕುಂಡವನ್ನು ಒಣ ತಟ್ಟೆಯ ಮೇಲಿಟ್ಟು ಮೇಲ್ಮೈಗೆ ಎಲ್ಲ ಕಡೆ ಸಮನಾಗಿ ಬಟ್ಟಿ ಇಳಿಸಿದ ನೀರು ಸುರಿಯಿರಿ, 15 ಸೆಂ.ಮೀ. ಕುಂಡಕ್ಕೆ 75ರಿಂದ 100 ಮಿ.ಲೀ. ಸಾಕು. ಈ ನೀರು ಒಳಗಿದ್ದ ನೀರನ್ನು ಕೆಳಗೆ ತಳ್ಳುತ್ತದೆ. ತಟ್ಟೆಗೆ ಬಿದ್ದ ಮೊದಲ 50 ಮಿ.ಲೀ. ಹಿಡಿದು ಆಗಲೇ ಅಳೆಯಿರಿ. 50ಕ್ಕಿಂತ ಬಹಳ ಹೆಚ್ಚು ಬಸಿದರೆ ಅದು ತೆಳುವಾಗಿ ಇಸಿ ಸುಳ್ಳು ಹೇಳುತ್ತದೆ.

ನೆಲದ ಮಣ್ಣಾದರೆ ನೆರಳಲ್ಲಿ ಒಣಗಿಸಿ ಜರಡಿ ಹಿಡಿದ 20 ಗ್ರಾಂ ಮಣ್ಣಿಗೆ 50 ಮಿ.ಲೀ. ಬಟ್ಟಿ ನೀರು ಬೆರೆಸಿ, ಅರ್ಧ ಗಂಟೆಯಲ್ಲಿ ಆಗಾಗ ಕಲಕಿ ಅಳೆಯಿರಿ.

ಬಸಿದ ನೀರಿನ ಇಸಿ ಸೆಂಟಿಮೀಟರಿಗೆ 1 ಮಿಲಿಸೀಮೆನ್ಸ್‌ಗಿಂತ ಕೆಳಗಿದ್ದು ಗಿಡ ಪೇಲವವಾಗಿದ್ದರೆ ಆಗ ಮಾತ್ರ ಅದು ನಿಜಕ್ಕೂ ಹಸಿದಿದೆ, ಗೊಬ್ಬರ ಕೊಡಿ. 1ರಿಂದ 2.5 ಬೆಳೆಯುವ ಗಿಡಕ್ಕೆ ಹಿತ. ಸಸಿಗಳಿಗೆ ಇದರ ಕೆಳತುದಿಯೇ ಲೇಸು. 4ರ ಮೇಲಿದ್ದರೆ ಬೇರು ತುದಿ ಸುಡುತ್ತಿದೆ ಎಂದೇ ತಿಳಿಯಿರಿ. ಬುಡದ ಎಲೆಯ ಅಂಚು ಕಂದಾಗಿ ಇಸಿಯೂ ಏರಿದ್ದರೆ ಅದು ಲವಣ; ಇಸಿ ಕೆಳಗಿದ್ದರೆ ಪೊಟ್ಯಾಷ್ ಕೊರತೆಯ ಕಡೆ ಹೋಗಿ.

ಲವಣ ಇಳಿಸುವುದು ಕಷ್ಟವಲ್ಲ. ಕುಂಡದ ಗಾತ್ರದ ಎರಡು ಮೂರು ಪಟ್ಟು ನೀರನ್ನು ಮೂರು ಕಂತುಗಳಲ್ಲಿ, ನಡುವೆ ಹತ್ತು ನಿಮಿಷ ಬಿಟ್ಟು ಸುರಿದು ಪೂರ್ತಿ ಬಸಿಯಲು ಬಿಡಿ. ಮರುದಿನ ಮತ್ತೆ ಅಳೆಯಿರಿ. ಆದರೆ ಲವಣ ಎಲ್ಲಿಂದ ಬಂತು ಎಂದು ತಿಳಿಯದಿದ್ದರೆ ತಿಂಗಳಲ್ಲಿ ಮತ್ತೆ ಅದೇ ಸ್ಥಿತಿ. ತಟ್ಟೆಯಲ್ಲಿ ನಿಂತ ನೀರನ್ನು ಗಿಡ ಮತ್ತೆ ಹೀರುತ್ತಿದೆಯೇ? ಬಸಿಯದಷ್ಟು ಸ್ವಲ್ಪ ನೀರು ಕೊಡುವ ರೂಢಿಯೇ? ಎರೆಗೊಬ್ಬರ ಅರ್ಧಕ್ಕರ್ಧ ಬೆರೆತಿದೆಯೇ? ನೀರು ಮೆದುಮಾಡುವ ಯಂತ್ರದಿಂದ ಬಂದದ್ದೇ? ಅಂಥ ನೀರಿನಲ್ಲಿ ಕ್ಯಾಲ್ಸಿಯಂ ಬದಲಿಗೆ ಸೋಡಿಯಂ ಇರುತ್ತದೆ, ಗಿಡಕ್ಕೆ ಒಗ್ಗದು. ಕೊಟ್ಟ ನೀರಿನ ಹತ್ತನೇ ಒಂದು ಭಾಗವಾದರೂ ಪ್ರತಿ ಸಲ ತಳದಿಂದ ಹೊರಹೋಗಿ ಚೆಲ್ಲಿಹೋಗಬೇಕು.

ರಸಸಾರ ಮೇಲೇರಿದ್ದರೆ

ಕುಂಡದ ಮಿಶ್ರಣದಲ್ಲಿ 5.5ರಿಂದ 6.5, ನೆಲದ ಮಣ್ಣಿನಲ್ಲಿ 6.0ರಿಂದ 7.0 ಹೆಚ್ಚಿನ ಗಿಡಗಳಿಗೆ ಒಪ್ಪುತ್ತದೆ. ಬ್ಲೂಬೆರಿ, ಅಜೇಲಿಯಾದಂಥ ಆಮ್ಲಪ್ರಿಯ ಗಿಡಗಳು 4.5ರಿಂದ 5.5 ಕೇಳುತ್ತವೆ. ಒಂದು ಅಂಕೆಯ ವ್ಯತ್ಯಾಸ ಎಂದರೆ ಆಮ್ಲತೆಯಲ್ಲಿ ಹತ್ತು ಪಟ್ಟು ವ್ಯತ್ಯಾಸ, 7.5 ಮತ್ತು 6.5 ಹತ್ತಿರದ ಸಂಖ್ಯೆಗಳಲ್ಲ. 7.5ರ ಮೇಲೆ ಕಬ್ಬಿಣ, ಮ್ಯಾಂಗನೀಸ್, ಸತು ಕರಗದ ರೂಪಕ್ಕೆ ತಿರುಗುತ್ತವೆ, ರಂಜಕವನ್ನು ಕ್ಯಾಲ್ಸಿಯಂ ಕಟ್ಟಿಹಾಕುತ್ತದೆ.

ಚಿಗುರಿನ ಹಳದಿ ಕಬ್ಬಿಣದ್ದೇ ಎಂದು ಖಚಿತಪಡಿಸಿಕೊಳ್ಳಲು ಎಲೆಯೇ ಪ್ರಯೋಗಶಾಲೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಎರಡು ಹನಿ ದ್ರವ ಸೋಪು ಸೇರಿಸಿ. ಹಳದಿ ಚಿಗುರೆಲೆಯ ಒಂದು ಅರ್ಧಕ್ಕೆ ಮಾತ್ರ, ನಡುನರದ ಈಚೆಗೆ, ಸಂಜೆ ಹೊತ್ತು ಕುಂಚದಿಂದ ಸವರಿ ದಾರ ಕಟ್ಟಿ ಗುರುತಿಡಿ. ವಾರದಿಂದ ಹತ್ತು ದಿನದಲ್ಲಿ ಸವರಿದ ಅರ್ಧ ಹಸಿರಾಗಿ, ಸವರದ ಅರ್ಧ ಹಳದಿಯಾಗಿಯೇ ಉಳಿದರೆ ಇನ್ನು ಅನುಮಾನವಿಲ್ಲ. ಎರಡೂ ಹಾಗೆಯೇ ಇದ್ದರೆ ಇನ್ನೊಂದು ಎಲೆಗೆ ಮ್ಯಾಂಗನೀಸ್ ಸಲ್ಫೇಟ್ ಸವರಿ ನೋಡಿ.

ರಸಸಾರ ಏರಿದ್ದು ಯಾಕೆ? ಕುಂಡದಲ್ಲಿ ಮೊದಲ ಆರೋಪಿ ನೀರು. ಇಲ್ಲಿ ನೀರಿನ ರಸಸಾರಕ್ಕಿಂತ ಅದರ ಕ್ಷಾರೀಯತೆ, ಅಂದರೆ ಕರಗಿರುವ ಬೈಕಾರ್ಬೊನೇಟಿನ ಪ್ರಮಾಣ, ಬಹಳ ಮುಖ್ಯ. ರಸಸಾರ 8 ಇದ್ದೂ ಕ್ಷಾರೀಯತೆ ಕಡಿಮೆಯಿರುವ ನೀರು ಮಿಶ್ರಣವನ್ನು ಹೆಚ್ಚು ಕೆಡಿಸದು. ರಸಸಾರ 7.2 ಇದ್ದು ಕ್ಷಾರೀಯತೆ ಲೀಟರಿಗೆ 200 ಮಿ.ಗ್ರಾಂ ಇರುವ ನೀರು ಪ್ರತಿ ಸಲವೂ ಒಂದಿಷ್ಟು ಸುಣ್ಣ ಹಾಕಿದಂತೆಯೇ. ಮೀನಿನ ತೊಟ್ಟಿಗೆ ಬಳಸುವ ಕ್ಷಾರೀಯತೆ ಪರೀಕ್ಷಾ ಕಿಟ್ ಇದಕ್ಕೆ ಸಾಕು. 150 ಮಿ.ಗ್ರಾಂ ಮೀರಿದರೆ ಏನಾದರೂ ಮಾಡಲೇಬೇಕು: ಮಳೆನೀರು ಅರ್ಧ ಬೆರೆಸುವುದು ಎಲ್ಲಕ್ಕಿಂತ ಸುಲಭ. ಇಲ್ಲವಾದರೆ 10 ಲೀಟರ್ ನೀರಿಗೆ 1 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ಕಲಕಿ, ಗುಳ್ಳೆ ಅಡಗಿದ ಮೇಲೆ ಅಳೆದು, ರಸಸಾರ 6ರ ಆಸುಪಾಸಿಗೆ ಬರುವವರೆಗೆ ಚಿಟಿಕೆ ಚಿಟಿಕೆಯಾಗಿ ಹೆಚ್ಚಿಸಿ. ಕ್ಷಾರೀಯತೆಯಲ್ಲಿ 100 ಮಿ.ಗ್ರಾಂ ಇಳಿಸಲು 10 ಲೀಟರಿಗೆ ಒಂದೂವರೆ ಗ್ರಾಂನ ಆಸುಪಾಸು ಬೀಳುತ್ತದೆ. ಸಿಟ್ರಿಕ್ ಆಮ್ಲವನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿಂದುಬಿಡುವುದರಿಂದ ಅದರ ಪರಿಣಾಮ ಸ್ವಲ್ಪ ದಿನದ್ದು. ಅದೇ ದೌರ್ಬಲ್ಯ ವಿನೆಗರ್‌ಗೂ ಇದೆ.

ಎರಡನೇ ಕಾರಣ ಕಾಂಪೋಸ್ಟ್. ಕಳಿತ ಕಾಂಪೋಸ್ಟ್, ಎರೆಗೊಬ್ಬರದ ರಸಸಾರ ಸಾಮಾನ್ಯವಾಗಿ 7ರಿಂದ 8. ಅದಕ್ಕೆ ಬೂದಿಯೂ ಸೇರಿದರೆ ಇನ್ನೂ ಮೇಲೆ. ಮೂರನೆಯದು ಗೊಬ್ಬರದ ಸಾರಜನಕ ಯಾವ ರೂಪದ್ದು ಎಂಬುದು. ನೈಟ್ರೇಟ್ ಹೀರುವಾಗ ಬೇರು ತನ್ನ ಸುತ್ತ ಕ್ಷಾರ ಬಿಡುತ್ತದೆ, ಅಮೋನಿಯಂ ಹೀರುವಾಗ ಆಮ್ಲ ಬಿಡುತ್ತದೆ. ರಸಸಾರ 7ರ ಮೇಲಿರುವ ಕುಂಡಕ್ಕೆ ಕೆಲವು ವಾರ ಅಮೋನಿಯಂ ಸಲ್ಫೇಟ್ ಲೀಟರ್ ನೀರಿಗೆ ಅರ್ಧ ಗ್ರಾಂನಂತೆ ಕೊಟ್ಟರೆ ರಸಸಾರ ಬೇರಿನ ಬಳಿಯೇ ಇಳಿಯುತ್ತದೆ. ಚಳಿ ಹೆಚ್ಚಿದ್ದು ಮಣ್ಣು ಸದಾ ತೊಯ್ದಿದ್ದರೆ ಇದನ್ನು ಮಾಡಬೇಡಿ, ಅಮೋನಿಯಂ ಕೂಡಿಬಿದ್ದು ಬೇರಿಗೆ ವಿಷವಾಗುತ್ತದೆ.

ನೆಲಕ್ಕೆ ಗಂಧಕ ಹಾಕುವ ಮೊದಲು ಒಂದು ಚಮಚ ಒಣಮಣ್ಣಿಗೆ ವಿನೆಗರ್ ಸುರಿಯಿರಿ. ಬುರುಬುರು ನೊರೆ ಬಂದರೆ ಮಣ್ಣಿನಲ್ಲಿ ಬಿಡಿ ಸುಣ್ಣವಿದೆ, ಗಂಧಕದ ಆಸೆ ಬಿಡಿ. ಲೆಕ್ಕ ನೋಡಿ: 15 ಸೆಂ.ಮೀ. ಆಳದ ಒಂದು ಚದರ ಮೀಟರ್ ಮಣ್ಣು ಸುಮಾರು 200 ಕಿಲೊ. ಅದರಲ್ಲಿ ಶೇಕಡಾ 1 ಸುಣ್ಣವಿದ್ದರೂ 2 ಕಿಲೊ ಆಯಿತು. ಅದನ್ನು ತಟಸ್ಥಗೊಳಿಸಲು 640 ಗ್ರಾಂ ಗಂಧಕ ಬೇಕು, ರಸಸಾರ ಇಳಿಯಲು ಶುರುವಾಗುವುದು ಅದರ ನಂತರ. ಅಂಥಲ್ಲಿ ಇಡಿಡಿಎಚ್‌ಎ ರೂಪದ ಕಬ್ಬಿಣವೇ ದಾರಿ, ಅಂದರೆ ಕರಗಿಯೇ ಉಳಿಯುವಂತೆ ಇನ್ನೊಂದು ಸಂಯುಕ್ತ ಹಿಡಿದಿಟ್ಟ (ಕೀಲೇಟ್) ಕಬ್ಬಿಣ. ಅದು ರಸಸಾರ 9ರವರೆಗೂ ಕರಗಿಯೇ ಇರುತ್ತದೆ. ಅಗ್ಗದ ಇಡಿಟಿಎ ಕಬ್ಬಿಣ 6.5 ದಾಟಿದರೆ ಕೈಕೊಡುತ್ತದೆ, ಡಿಟಿಪಿಎ ಸುಮಾರು 7.5ರವರೆಗೆ ತಾಳುತ್ತದೆ. ನೊರೆ ಬಾರದ ಮಣ್ಣಿಗೆ 7.5ರಿಂದ 6.5ಕ್ಕೆ ಇಳಿಸಲು ಚದರ ಮೀಟರಿಗೆ ಮರಳು ಮಣ್ಣಾದರೆ 50ರಿಂದ 75 ಗ್ರಾಂ, ಜೇಡಿಯಾದರೆ 100 ಗ್ರಾಂ ಮೇಲೆ ಗಂಧಕದ ಪುಡಿ, ಎರಡು ಕಂತಿನಲ್ಲಿ. ಗಂಧಕವನ್ನು ಆಮ್ಲವಾಗಿ ಮಾಡುವುದು ಬ್ಯಾಕ್ಟೀರಿಯಾ. ಅವಕ್ಕೆ ಬಿಸುಪು, ತೇವ, ಗಾಳಿ ಬೇಕು, ತಿಂಗಳುಗಟ್ಟಲೆ ಸಮಯವೂ ಬೇಕು. ಕುಂಡಕ್ಕಾದರೆ ಲೀಟರ್ ಮಿಶ್ರಣಕ್ಕೆ ಅರ್ಧ ಗ್ರಾಂ ಮೀರಬೇಡಿ.

ಕುದಿಸಿ ಬಳಸಿದ ಕಾಫಿಪುಡಿಯ ಗಸಿ ಹೆಚ್ಚುಕಡಿಮೆ ತಟಸ್ಥ, ರಸಸಾರ ಇಳಿಸಲು ಅದನ್ನು ನೆಚ್ಚಬೇಡಿ. ಜಿಪ್ಸಂ ಕ್ಯಾಲ್ಸಿಯಂ ಕೊಡುತ್ತದೆ, ಸೋಡಿಯಂ ಹೆಚ್ಚಿರುವ ಮಣ್ಣಿಗೆ ಉಪಕಾರಿ, ಸಾಮಾನ್ಯ ಮಿಶ್ರಣದ ರಸಸಾರವನ್ನು ಹೆಚ್ಚೇನೂ ಕದಲಿಸದು.

ರಸಸಾರ ಕೆಳಗಿಳಿದಿದ್ದರೆ

ಮಳೆನೀರು ಮಾತ್ರ ಉಣಿಸಿದ, ಅಮೋನಿಯಂ ಗೊಬ್ಬರ ಬಹಳ ಕಾಲ ಕೊಟ್ಟ, ಅಥವಾ ಸುಣ್ಣ ಬೆರೆಸದ ಪೀಟ್ ಪಾಚಿಯಲ್ಲಿ ಬೆಳೆದ ಗಿಡಗಳಲ್ಲಿ ಇದು ಸಾಮಾನ್ಯ. ಪೀಟ್ ಪಾಚಿಯದೇ ರಸಸಾರ 3.5ರಿಂದ 4.5. ಕುಂಡದಲ್ಲಿ ಕಬ್ಬಿಣ, ಮ್ಯಾಂಗನೀಸ್ ಅತಿಯಾಗಿ ಕರಗಿ ವಿಷವಾಗುತ್ತವೆ. ಚೆಂಡು ಹೂವಿನ ಗಿಡದ ಬುಡದ ಎಲೆಗಳಲ್ಲಿ ತುಕ್ಕುಬಣ್ಣದ ಸಣ್ಣ ಚುಕ್ಕೆಗಳು ಏಳುವುದು ಇದರ ಸ್ಪಷ್ಟ ಗುರುತು. ಅದನ್ನು ರೋಗವೆಂದು ತಿಳಿದು ಶಿಲೀಂಧ್ರನಾಶಕ ಹೊಡೆದರೆ ಏನೂ ಆಗದು. ನೆಲದಲ್ಲಿ 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗಳು ಮೊಂಡಾಗುತ್ತವೆ.

ಹೊಸ ಪೀಟ್ ಮಿಶ್ರಣಕ್ಕೆ ಲೀಟರಿಗೆ 3ರಿಂದ 5 ಗ್ರಾಂ ನುಣುಪಾದ ಡಾಲೊಮೈಟ್ (ಮೆಗ್ನೀಶಿಯಂ ಇರುವ ಸುಣ್ಣದ ಕಲ್ಲಿನ ಪುಡಿ) ಬೆರೆಸಿ, ನೀರು ಚಿಮುಕಿಸಿ, ಒಂದೆರಡು ವಾರ ಬಿಟ್ಟು ಬಳಸಿ. ಗಿಡವಿರುವ ಕುಂಡಕ್ಕೆ ಲೀಟರ್ ಮಿಶ್ರಣಕ್ಕೆ 1 ಗ್ರಾಂನಂತೆ ಮೇಲ್ಮಣ್ಣಿನಲ್ಲಿ ಬೆರೆಸಿ ನೀರು ಕೊಟ್ಟು, ಮೂರು ವಾರದ ನಂತರ ಅಳೆದು ಬೇಕಿದ್ದರೆ ಮತ್ತೆ ಹಾಕಿ. ನೆಲಕ್ಕೆ 5.5ರಿಂದ 6.5ಕ್ಕೆ ಏರಿಸಲು ಚದರ ಮೀಟರಿಗೆ ಮರಳು ಮಣ್ಣಿನಲ್ಲಿ 150–200 ಗ್ರಾಂ, ಜೇಡಿಯಲ್ಲಿ 400 ಗ್ರಾಂ ಆಸುಪಾಸು. ಸುಣ್ಣ ಹಾಕಿದ ವಾರದಲ್ಲೇ ಯೂರಿಯಾ, ಅಮೋನಿಯಂ ಗೊಬ್ಬರ, ಹಸಿಗೊಬ್ಬರ ಕೊಟ್ಟರೆ ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಮೊಟ್ಟೆಚಿಪ್ಪನ್ನು ಹಿಟ್ಟಿನಷ್ಟು ನುಣ್ಣಗೆ ಬೀಸದಿದ್ದರೆ ಅದು ವರ್ಷಗಟ್ಟಲೆ ಹಾಗೆಯೇ ಕೂತಿರುತ್ತದೆ.

ಕಾಂಪೋಸ್ಟೇ ದೋಷಿಯಾಗಿರಬಹುದೇ?

ಹೊಸ ಮಿಶ್ರಣಕ್ಕೆ ಬದಲಾಯಿಸಿದ ಮೇಲೆ ಗಿಡ ಕೆಟ್ಟಿದ್ದರೆ ಕಾಂಪೋಸ್ಟನ್ನು ವಿಚಾರಿಸಿ. ಒಂದು ಹಿಡಿಯನ್ನು ಹಿಂಡಿದರೆ ಉಂಡೆಯಾಗುವಷ್ಟು ಒದ್ದೆ ಮಾಡಿ ಪಾಲಿಥಿನ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ನೆರಳಲ್ಲಿಡಿ. ಬಿಚ್ಚಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಕಳಿತಿದೆ. ಹುಳಿ ವಾಸನೆ, ಅಮೋನಿಯಾ ಘಾಟು, ಕೊಳೆತ ಮೊಟ್ಟೆಯ ನಾತ – ಯಾವುದು ಬಂದರೂ ಇನ್ನೂ ಕಳಿತಿಲ್ಲ.

ಕಳಿಯದ ಕಾಂಪೋಸ್ಟ್ ಎರಡು ರೀತಿ ಕೆಡಿಸುತ್ತದೆ. ಒಣ ಎಲೆ, ಮರದಪುಡಿ ಹೆಚ್ಚಿದ್ದರೆ ಅದನ್ನು ಕಳಿಸುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕವನ್ನೆಲ್ಲ ಎಳೆದುಕೊಳ್ಳುತ್ತವೆ, ಗಿಡ ಬುಡದಿಂದ ಹಳದಿಯಾಗುತ್ತದೆ. ಆಗ ಕ್ಯಾಲ್ಸಿಯಂ ನೈಟ್ರೇಟ್ ಲೀಟರ್ ನೀರಿಗೆ 1 ಗ್ರಾಂನಂತೆ ವಾರಕ್ಕೊಮ್ಮೆ ಕೊಟ್ಟು ದಾಟಿಸಬಹುದು. ಹಸಿಕಸ, ಸಗಣಿ ಹೆಚ್ಚಿದ್ದರೆ ಅಮೋನಿಯಾ ಮತ್ತು ಆಮ್ಲಗಳು ಬೇರನ್ನು ನೇರ ಸುಡುತ್ತವೆ. ಇದಕ್ಕೆ ಗಿಡವನ್ನು ಬೇರೆ ಮಿಶ್ರಣಕ್ಕೆ ಸಾಗಿಸುವುದು ಬಿಟ್ಟು ದಾರಿಯಿಲ್ಲ.

ರಾಶಿಯನ್ನು ಸರಿಪಡಿಸುವುದು ವಾಸನೆಯಿಂದಲೇ. ಅಮೋನಿಯಾ ಘಾಟಿದ್ದರೆ ಒಣ ಎಲೆ ಬೆರೆಸಿ. ಇಂಗಾಲ ಮತ್ತು ಸಾರಜನಕ 25ರಿಂದ 30ಕ್ಕೆ 1ರಂತೆ ಇರಬೇಕು, ಗಾತ್ರದಲ್ಲಿ ಅದು ಒಂದು ಪಾಲು ಹಸಿಗೆ ಎರಡು ಮೂರು ಪಾಲು ಒಣಸೊಪ್ಪು. ಕೊಳೆತ ಮೊಟ್ಟೆ ನಾತವಿದ್ದರೆ ಗಾಳಿಯಿಲ್ಲ, ಮಗುಚಿ. ವಾಸನೆಯೂ ಇಲ್ಲ, ಬಿಸಿಯೂ ಇಲ್ಲ ಎಂದರೆ ಒಣಗಿದೆ ಅಥವಾ ರಾಶಿ ಚಿಕ್ಕದು. ಒಂದು ಘನ ಮೀಟರಿಗಿಂತ ಚಿಕ್ಕ ರಾಶಿ ಕಾವು ಹಿಡಿಯುವುದು ಕಷ್ಟ. ಒಳಗಿನ ಕಾವು 55ರಿಂದ 65 ಡಿಗ್ರಿ ಇರಲಿ, 70 ದಾಟಿದರೆ ಕೆಲಸಕ್ಕೆ ಬರುವ ಜೀವಿಗಳೇ ಸಾಯುತ್ತವೆ. ಶುರುವಿನಲ್ಲಿ ರಾಶಿಯ ರಸಸಾರ 5ರವರೆಗೆ ಇಳಿದು, ಆಮೇಲೆ 8 ದಾಟಿ, ಕಳಿತ ಮೇಲೆ 7–8ರಲ್ಲಿ ನಿಲ್ಲುವುದು ಸಹಜ ನಡೆ, ನಡುವೆ ಸುಣ್ಣ ಹಾಕುವ ಅಗತ್ಯವಿಲ್ಲ.

ಇನ್ನೊಂದು ದೋಷ ವಾಸನೆಗೂ ಸಿಗದು. ಅಮಿನೊಪೈರಾಲಿಡ್, ಕ್ಲೋಪೈರಾಲಿಡ್ ಎಂಬ ಕಳೆನಾಶಕಗಳು ಸಿಂಪಡಿಸಿದ ಹುಲ್ಲು ತಿಂದ ದನದ ಹೊಟ್ಟೆಯನ್ನೂ, ಕಾಂಪೋಸ್ಟಿನ ಕಾವನ್ನೂ ದಾಟಿ ಉಳಿಯುತ್ತವೆ. ಹುಲ್ಲಿಗೆ ಏನೂ ಮಾಡದ ಇವು ಟೊಮೆಟೊ, ಬೀನ್ಸ್, ಬಟಾಣಿಯ ಚಿಗುರನ್ನು ಬಟ್ಟಲಿನಂತೆ ಮುದುಡಿಸಿ ತಿರುಚುತ್ತವೆ. ಕಾಂಪೋಸ್ಟ್ ಮತ್ತು ನಂಬಿಕೆಯ ಮಿಶ್ರಣ ಸಮಪಾಲು ಬೆರೆಸಿದ ಮೂರು ಕುಂಡ, ಬರೇ ನಂಬಿಕೆಯ ಮಿಶ್ರಣದ ಮೂರು ಕುಂಡ – ಎಲ್ಲದರಲ್ಲೂ ಬೀನ್ಸ್ ಬಿತ್ತಿ, ಬೇರೆ ಬೇರೆ ತಟ್ಟೆಯಲ್ಲಿಟ್ಟು ಮೂರು ನಾಲ್ಕು ವಾರ ಬೆಳೆಸಿ. ಮೊದಲೆರಡು ಎಲೆ ಸರಿಯಿದ್ದು ಮೂರೆಲೆಯ ಚಿಗುರು ಮುದುಡಿದರೆ ಆ ಕಾಂಪೋಸ್ಟನ್ನು ತರಕಾರಿಗೆ ಬಳಸಬೇಡಿ. ವೈರಸ್ ರೋಗವೂ ಹೀಗೆಯೇ ಕಾಣುತ್ತದೆ, ಹೋಲಿಕೆಯ ಕುಂಡ ಇಲ್ಲದೆ ತೀರ್ಮಾನಿಸುವುದು ನ್ಯಾಯವಲ್ಲ.

ಎಲೆರಸದ ರಸಸಾರ

ಎಲ್ಲ ಗಿಡಗಳ ಎಲೆರಸವೂ 6.4 ಇರಬೇಕು, ಇಳಿದರೆ ರೋಗ, ಏರಿದರೆ ಕೀಟ ಎಂಬ ಸೂತ್ರ ಹರಡಿದೆ. ಅದನ್ನು ಗುರಿಯಾಗಿ ಹಿಡಿಯಬೇಡಿ. ಹಿಂಡಿದಾಗ ಬರುವುದು ಒಂದು ದ್ರವವಲ್ಲ, ಹಲವು ದ್ರವಗಳ ಬೆರಕೆ. ಜೀವಕೋಶದ ಜೀವರಸ ಸುಮಾರು 7.2–7.5, ಕೋಶದೊಳಗಿನ ದೊಡ್ಡ ರಸಚೀಲ 5.5ರ ಆಸುಪಾಸು, ಸಕ್ಕರೆ ಸಾಗಿಸುವ ನಾಳದ ರಸ 7.5ರ ಮೇಲೆ. ಬಲಿತ ಕೋಶದ ಬಹುಪಾಲು ರಸಚೀಲವೇ ಆದ್ದರಿಂದ ಮಾಪಕ ಮುಖ್ಯವಾಗಿ ಅದನ್ನೇ ತೋರಿಸುತ್ತದೆ. ಬೆಗೋನಿಯಾ, ಹುಳಿಸೊಪ್ಪಿನಂಥವುಗಳ ರಸ ಆರೋಗ್ಯದಲ್ಲೇ ಬಹಳ ಆಮ್ಲೀಯ. ಕಲಾಂಚೋದಂಥ ರಸಭರಿತ ಎಲೆಯ ಗಿಡ ರಾತ್ರಿ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು ಹಗಲು ಬಳಸುವುದರಿಂದ, ಅದೇ ಎಲೆ ಬೆಳಗ್ಗೆ ಹುಳಿ, ಸಂಜೆ ಅಲ್ಲ. ಇದರಲ್ಲಿ ಯಾವ ಅಂಕೆಯನ್ನು ಸರಿ ಎನ್ನುವುದು?

ಹಾಗೆಂದು ಅಳತೆ ವ್ಯರ್ಥವಲ್ಲ. ಹೋಲಿಕೆಗೆ ಅದು ಒಳ್ಳೆಯ ಸಾಧನ. ಒಂದೇ ತಳಿಯ ಒಂದು ಆರೋಗ್ಯದ ಗಿಡ, ಒಂದು ಸೊರಗಿದ ಗಿಡ ಆರಿಸಿ. ನೀರು ಕೊಟ್ಟ ಮರುದಿನ, ಒಂದೇ ಹೊತ್ತಿಗೆ, ತುದಿಯಿಂದ ಕೆಳಗೆ ಪೂರ್ತಿ ಬಲಿತ ಮೊದಲ ಎಲೆಗಳನ್ನು ತಲಾ 15–20 ಕೀಳಿ. ಹಿಂದಿನ ಒಂದು ವಾರ ಎಲೆಗೆ ಏನನ್ನೂ ಸಿಂಪಡಿಸಿರಬಾರದು. ಧೂಳು ಒರೆಸಿ, ನೀರಲ್ಲಿ ತೊಳೆಯದೆ, ಕತ್ತರಿಸಿ ಬೆಳ್ಳುಳ್ಳಿ ಹಿಂಡುವ ಇಕ್ಕಳದಲ್ಲಿ ಹಿಂಡಿ. ಮೊದಲ ಎರಡು ಹನಿ ಬಿಟ್ಟು ಉಳಿದದ್ದನ್ನು ಚಪ್ಪಟೆ ತುದಿಯ ಮಾಪಕದ ಮೇಲೆ ಹಾಕಿ, ಅಂಕೆ ನಿಂತ ಕೂಡಲೇ ಬರೆದುಕೊಳ್ಳಿ. ರಸ ಗಾಳಿಗೆ ಕಪ್ಪಾಗುತ್ತ ಬದಲಾಗುತ್ತದೆ, ಐದು ನಿಮಿಷ ಮೀರಬೇಡಿ. ಪ್ರತಿ ಗಿಡಕ್ಕೆ ಮೂರು ಸಲ ಹಿಂಡಿ ಅಳೆಯಿರಿ. ಅಳತೆಯ ನಡುವೆ ಮಾಪಕದ ತುದಿಯನ್ನು ಬಟ್ಟಿ ನೀರಲ್ಲಿ ತೊಳೆಯಿರಿ. ಎಲೆಯ ಅಂಟು, ಪ್ರೋಟೀನ್ ಗಾಜಿಗೆ ಹತ್ತಿದರೆ ಅಂಕೆ ಜಾರುತ್ತಲೇ ಇರುತ್ತದೆ.

ಎರಡು ಗಿಡಗಳ ನಡುವೆ 0.3ಕ್ಕಿಂತ ಕಡಿಮೆ ವ್ಯತ್ಯಾಸ ಬಂದರೆ ಅದಕ್ಕೆ ಅರ್ಥ ಹಚ್ಚಬೇಡಿ. ಅದಕ್ಕಿಂತ ಹೆಚ್ಚಿದ್ದರೆ ಅದು ಉತ್ತರವಲ್ಲ, ಪ್ರಶ್ನೆ: ಎರಡು ಕುಂಡಗಳ ಬಸಿದ ನೀರಿನ ಇಸಿ, ರಸಸಾರದಲ್ಲಿ ಎಲ್ಲಿ ಬೇರೆಯಾದವು? ಗೊಬ್ಬರದ ಸಾರಜನಕದ ರೂಪ ಬೇರೆಯೇ? ನೈಟ್ರೇಟ್ ಉಂಡ ಗಿಡ ಅದನ್ನು ಬಳಸುವಾಗ ಹುಟ್ಟುವ ಕ್ಷಾರವನ್ನು ಸರಿದೂಗಿಸಲು ಸಾವಯವ ಆಮ್ಲಗಳನ್ನು ತಯಾರಿಸುತ್ತದೆ, ಅಮೋನಿಯಂ ಉಂಡ ಗಿಡದಲ್ಲಿ ಅವು ಕಡಿಮೆ. ನೀರಿನ ಕೊರತೆಯೂ ಬೇರಿನಿಂದ ಏರುವ ರಸದ ರಸಸಾರವನ್ನು ಏರಿಸಬಲ್ಲದು. ಎಲೆಗೆ ಆಮ್ಲವನ್ನೋ ಕ್ಷಾರವನ್ನೋ ಸಿಂಪಡಿಸಿ ಅಂಕೆ ತಿದ್ದಲು ಹೋಗಬೇಡಿ. ಜೀವಕೋಶ ತನ್ನ ರಸಸಾರವನ್ನು ತಾನೇ ಬಿಗಿಯಾಗಿ ಕಾಯ್ದುಕೊಳ್ಳುತ್ತದೆ, ಸುಡುವುದು ಎಲೆಯ ಮೇಲ್ಮೈ ಮಾತ್ರ. ರಸಸಾರದ ಜೊತೆಗೆ ಅದೇ ಹನಿಯಲ್ಲಿ ನೈಟ್ರೇಟ್, ಪೊಟ್ಯಾಸಿಯಂ ಅಳೆಯುವ ಮಾಪಕವಿದ್ದರೆ ಅದರ ಮಾತಿಗೆ ಹೆಚ್ಚು ಬೆಲೆ ಕೊಡಿ.

ಮದ್ದು ಹಿಡಿಯಿತೇ?

ಒಂದು ಸಲಕ್ಕೆ ಒಂದೇ ಮದ್ದು. ಲವಣ ತೊಳೆದರೆ ಹೊಸ ಬಿಳಿ ಬೇರು ಕಾಣಲು ಒಂದೆರಡು ವಾರ. ಎಲೆಗೆ ಕೊಟ್ಟ ಕಬ್ಬಿಣಕ್ಕೆ ಹತ್ತು ದಿನ. ಡಾಲೊಮೈಟಿಗೆ ಮೂರು ವಾರದಿಂದ ಒಂದೆರಡು ತಿಂಗಳು, ಗಂಧಕಕ್ಕೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಬಸಿದ ನೀರನ್ನು ಎರಡು ವಾರಕ್ಕೊಮ್ಮೆ ಅಳೆದು ಬರೆದಿಡಿ. ಸುಟ್ಟ ಅಂಚು, ಮುರುಟಿದ ಎಲೆ ಮತ್ತೆ ಸರಿಹೋಗದು, ಅದನ್ನು ನೋಡುತ್ತ ಮದ್ದಿನ ಪ್ರಮಾಣ ಹೆಚ್ಚಿಸಬೇಡಿ. ಮದ್ದು ಕೊಟ್ಟ ದಿನ ತುದಿಯ ಎಲೆಯ ಕೆಳಗೆ ಒಂದು ದಾರ ಕಟ್ಟಿ. ದಾರದಿಂದ ಮೇಲೆ ಬಂದ ಎಲೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.